ಎಂಟು ಗೇಣಿನ ಕಪಾಟು

ಶಾಲೆ ಶುರುವಾದ ಮೊದಲ ತಿಂಗಳಲ್ಲಿ ಮೂರನೆಯ ತರಗತಿಯ ಮಕ್ಕಳಿಗೆ ಹೊಸದನ್ನೇನೂ ಹೆಚ್ಚು ಕಲಿಸುವುದಿಲ್ಲ, ಹಿಂದಿನ ವರ್ಷ ಕಲಿತು ರಜೆಯಲ್ಲಿ ಮರೆತದ್ದನ್ನೇ ಮತ್ತೊಮ್ಮೆ ತಿದ್ದಿಸುತ್ತಾರೆ ಎಂಬ ಧೈರ್ಯದಿಂದ ಮಗಳ ಮನೆಪಾಠದ ಹೊಣೆಯನ್ನು ನಾನೇ ವಹಿಸಿಕೊಂಡೆ. ಆಗ ನನ್ನ ಹೆಂಡತಿ ಏನೂ ಹೇಳದೆ ನಕ್ಕದ್ದನ್ನು ಮೆಚ್ಚುಗೆಯೆಂದೇ ಭಾವಿಸಿದ್ದೆ.

ಮೊದಲ ವಾರ ಪಾಠಗಳಿಗಿಂತ ನಿಯಮಗಳೇ ಹೆಚ್ಚಾಗಿದ್ದವು. ಸಾಲಿನಲ್ಲಿ ನಿಲ್ಲುವುದು, ಇನ್ನೊಬ್ಬರು ಮಾತನಾಡುವಾಗ ಸುಮ್ಮನಿರುವುದು, ಹೇಳುವುದಿದ್ದರೆ ಕೈ ಎತ್ತುವುದು. ಇವನ್ನು ಮಗಳು ಮನೆಯಲ್ಲಿಯೂ ಜಾರಿಗೆ ತಂದಳು. ಊಟದ ಹೊತ್ತಿನಲ್ಲಿ ನಾನು ಎರಡು ಬಾರಿ ಕೈ ಎತ್ತಿದರೂ ಮಾತನಾಡಲು ಅವಕಾಶ ಸಿಗಲಿಲ್ಲ; ಅಮ್ಮ ಮೊದಲು ಎತ್ತಿದ್ದಳಂತೆ.

ಎರಡನೆಯ ವಾರ ಕಳೆಯುವ ಲೆಕ್ಕ ಬಂತು. 52ರಲ್ಲಿ 27 ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲವಾದ್ದರಿಂದ ಪಕ್ಕದ ಐದರಿಂದ ಒಂದು ಸಾಲ ತೆಗೆದುಕೊಳ್ಳಬೇಕೆಂದು, ನನಗೆ ಕಲಿಸಿದ್ದ ರೀತಿಯಲ್ಲಿಯೇ ಹೇಳಿಕೊಟ್ಟೆ. “ಒಂದು ಕೇಳಿದರೆ ಹತ್ತು ಯಾಕೆ ಬಂತಪ್ಪಾ? ಆ ಸಾಲವನ್ನು ಯಾವಾಗ ತೀರಿಸುತ್ತೀಯ?” ಎಂದಳು. ತೀರಿಸುವ ಪದ್ಧತಿಯಿಲ್ಲ ಎಂದಾಗ ಅವಳು ನನ್ನನ್ನು ನೋಡಿದ ನೋಟ ಸಾಲಗಾರನಿಗೆ ಸಲ್ಲತಕ್ಕದ್ದೇ ಆಗಿತ್ತು. ಬಳಿಕ ಬೆಂಕಿಕಡ್ಡಿಗಳನ್ನು ಹತ್ತು ಹತ್ತಾಗಿ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನಿಟ್ಟು, ಒಂದು ಕಟ್ಟನ್ನು ಬಿಚ್ಚಿ ಹನ್ನೆರಡು ಬಿಡಿಗಳನ್ನಾಗಿಸಿ, ಅದರಲ್ಲಿ ಏಳನ್ನೂ ಉಳಿದ ನಾಲ್ಕು ಕಟ್ಟುಗಳಲ್ಲಿ ಎರಡನ್ನೂ ತೆಗೆದು 25 ಎಂದು ತೋರಿಸಿದಳು. ಇದರಲ್ಲಿ ಸಾಲದ ಮಾತೇ ಇಲ್ಲ. ಇಷ್ಟು ಸರಳವಾದದ್ದನ್ನು ನನಗೇಕೆ ಯಾರೂ ಹೀಗೆ ಹೇಳಿಕೊಡಲಿಲ್ಲವೋ! ಆ ರಾತ್ರಿ ವಿದ್ಯುತ್ ಹೋದಾಗ ಮೇಣದಬತ್ತಿ ಹಚ್ಚಲು ಒಂದು ಕಡ್ಡಿ ಕೇಳಿದರೆ, “ಬಿಡಿ ಮುಗಿದಿವೆ, ದಶಕ ಬಿಚ್ಚಬೇಕು” ಎಂಬ ಉತ್ತರ ಕತ್ತಲೆಯೊಳಗಿನಿಂದ ಬಂತು.

ಗ್ರಹಗಳ ಪ್ರಸಂಗವನ್ನು ಬೆಳೆಸುವುದಿಲ್ಲ. ಪ್ಲೂಟೊ 2006ರಲ್ಲಿಯೇ ಕುಬ್ಜ ಗ್ರಹವಾಗಿ ಹಿಂಬಡ್ತಿ ಪಡೆದದ್ದನ್ನು ಮರೆತು ಒಂಬತ್ತೆಂದು ಬರೆಸಿದೆ. ಕೆಂಪು ಗೀಟು ಬಂತು.

ಅಳತೆಯ ಪಾಠ ಮಾತ್ರ ಕೆಂಪು ಗೀಟಿಗೆ ಮುಗಿಯಲಿಲ್ಲ. ಮೀಟರು, ಸೆಂಟಿಮೀಟರುಗಳನ್ನು ಹೇಳಿಕೊಡುವ ಮೊದಲು ಮಕ್ಕಳಿಂದ ಗೇಣು, ಹೆಜ್ಜೆಗಳಲ್ಲಿ ಅಳೆಸುತ್ತಾರೆ. ಒಂದೇ ಮೇಜಿಗೆ ಒಬ್ಬೊಬ್ಬರದೂ ಒಂದೊಂದು ಲೆಕ್ಕ ಬಂದಾಗ, ಎಲ್ಲರಿಗೂ ಒಂದೇ ಅಳತೆ ಏಕೆ ಬೇಕೆಂಬುದು ಅವರಿಗೇ ಹೊಳೆಯಲಿ ಎಂಬುದು ಉದ್ದೇಶ. ಈ ಪಾಠ ಅರ್ಧಕ್ಕೆ ಬಂದಿದ್ದಾಗ ನಾನು ಪುಸ್ತಕದ ಕಪಾಟು ಕೊಳ್ಳಲು ಹೋಗಿದ್ದೆ. ಗೋಡೆಯ ಅಳತೆಯ ಚೀಟಿಯನ್ನು ಮನೆಯಲ್ಲಿಯೇ ಮರೆತಿದ್ದರಿಂದ ಅಂಗಡಿಯಿಂದ ಫೋನು ಮಾಡಿ, ಬಾಗಿಲಿಗೂ ಕಿಟಕಿಗೂ ನಡುವಿನ ಜಾಗವನ್ನು ಅಳೆದು ಹೇಳೆಂದು ಮಗಳನ್ನು ಕೇಳಿದೆ. “ಸರಿಯಾಗಿ ಎಂಟು ಗೇಣು, ಎರಡು ಸಲ ನೋಡಿದೆ” ಎಂದಳು. ಆ ಶ್ರದ್ಧೆಗೆ ಹೆಮ್ಮೆಪಟ್ಟು, ನನ್ನ ಕೈಯಿಂದ ಎಂಟು ಗೇಣು ಅಳೆದು ಕಪಾಟು ಆರಿಸಿದೆ. ಅಂಗಡಿಯ ವಿಶಾಲತೆಯಲ್ಲಿ ಯಾವ ಕಪಾಟೂ ದೊಡ್ಡದಾಗಿ ಕಾಣುವುದಿಲ್ಲ.

ನನ್ನ ಗೇಣು 22 ಸೆಂಟಿಮೀಟರು, ಅವಳದು 14 ಎಂಬುದು ಕಪಾಟು ಮನೆಯೊಳಗೆ ಬಂದ ಮೇಲೆ ತಿಳಿಯಿತು. 112 ಸೆಂಟಿಮೀಟರಿನ ಜಾಗಕ್ಕೆ 176 ಸೆಂಟಿಮೀಟರಿನ ಕಪಾಟು. ಒಮ್ಮೆ ಮಾರಿದ್ದನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಅಂಗಡಿಯವರು ವಿನಯದಿಂದಲೇ ತಿಳಿಸಿದರು. ಈಗ ಅದು ಅರ್ಧ ಕಿಟಕಿಯನ್ನು ಮುಚ್ಚಿಕೊಂಡು ನಿಂತಿದೆ.

ಮಗಳಿಗೆ ಮಾತ್ರ ಇದರಿಂದ ಲಾಭವೇ ಆಯಿತು. ತರಗತಿಯಲ್ಲಿ ಎದ್ದು ನಿಂತು ಇಡೀ ಕತೆಯನ್ನು ಹೇಳಿದಳಂತೆ. “ಉತ್ತಮ ಉದಾಹರಣೆ” ಎಂದು ಶಿಕ್ಷಕಿ ಡೈರಿಯಲ್ಲಿ ಬರೆದು ಕಳುಹಿಸಿದ್ದರು. ಅದರ ಕೆಳಗೆ ನಾನು ಸಹಿ ಹಾಕುತ್ತಿದ್ದಾಗ ಮಗಳು ನಿಯಮದಂತೆ ಕೈ ಎತ್ತಿದಳು. ಅನುಮತಿ ಕೊಟ್ಟೆ.

“ಅಪ್ಪಾ, ನಾಳೆಯಿಂದ ದ್ರವಗಳ ಅಳತೆ.”

ಲ್ಯಾಪ್‌ಟಾಪನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿ ಬಂದೆ. ಅಲ್ಲಿ ಜಾಗಕ್ಕೇನೂ ಕೊರತೆಯಿಲ್ಲ.