ಪೋಲಿ ಪಿಕ್ಚರಿಗೂ ಇಲ್ಲಿ ಮರ್ಯಾದೆ ಇದೆ ಕಣ್ರೀ

ನಾನಿರೋದು ಅಮೆರಿಕದ ಡೆನ್ವರ್ ಹತ್ರ. ಇಲ್ಲಿನ ಕನ್ನಡದವರೆಲ್ಲ ಸೇರಿ ಒಂದು ಸಿನಿಮಾ ಸಂಜೆ ಮಾಡೋಣ, ಯಾವ್ದು ಹಾಕೋಣ ಅಂದಾಗ ನಾನು ಜಗ್ಗೇಶ್ ಅವರ ಪೋಲಿ ಕಾಮಿಡಿ ‘ತರ್ಲೆ ನನ್ಮಗ’ ಅಂದೆ. ಎಲ್ರೂ ಜೋರಾಗಿ ನಕ್ರು, ಅಂದ್ರೆ ಎಲ್ರೂ ನೋಡಿದಾರೆ ಅಂತ ತಾನೆ? ಆಮೇಲೆ ಹಿರಿಯರೊಬ್ರು "ಫ್ಯಾಮಿಲಿಯವ್ರು ಬರ್ತಾರೆ ಸಾರ್, ಸ್ವಲ್ಪ ನೋಡ್ಕೊಂಡು ಹೇಳಿ" ಅಂದ್ರು, ಮುಗೀತು. ಅಣ್ಣಾವ್ರ ಪಿಕ್ಚರ್ ಫಿಕ್ಸಾಯ್ತು.

ಅದೇ ವಾರ ಆಫೀಸಲ್ಲಿ ನಾನು ಈ ಕೆಲ್ಸ ಟೈಮಿಗೆ ಮುಗಿಯೋದು ಡೌಟು ಅಂದ್ರೆ ನಮ್ಮ ಬಾಸು, ಅರವತ್ತು ದಾಟಿದ ಹೆಂಗಸು, ‘ಡಂಬ್ ಅಂಡ್ ಡಂಬರ್’ ಡೈಲಾಗ್ ಹೊಡೆದ್ರು. ಹುಡುಗಿ ಹತ್ತು ಲಕ್ಷಕ್ಕೆ ಒಂದು ಚಾನ್ಸು ಅಂತಾಳೆ, ಜಿಮ್ ಕ್ಯಾರಿ ಮುರಿದ ಹಲ್ಲು ಬಿಟ್ಕೊಂಡು ಹಂಗಾದ್ರೆ ಚಾನ್ಸ್ ಇದೆ ಅಂತ ಖುಷಿ ಪಡ್ತಾನಲ್ಲ, ಅದೇ. ಇಡೀ ರೂಮು ನಕ್ತು, ಯಾರೂ ಫ್ಯಾಮಿಲಿ ಗೀಮಿಲಿ ಅನ್ಲಿಲ್ಲ.

1994ರ ಪಿಕ್ಚರ್ ಅದು. ಇಬ್ರು ಶತದಡ್ಡರು ನಾಯಿ ವೇಷದ ವ್ಯಾನಲ್ಲಿ ರೋಡ್ ಐಲ್ಯಾಂಡಿಂದ ನಮ್ಮ ಕೊಲೊರಾಡೋದ ಆಸ್ಪೆನ್‌ಗೆ ಹೊರಡ್ತಾರೆ, ಯಾರದೋ ಸೂಟ್‌ಕೇಸ್ ವಾಪಸ್ ಕೊಡೋಕೆ. ಪಿಕ್ಚರಲ್ಲಿ ಬರೋ ಆಸ್ಪೆನ್‌ನಲ್ಲಿ ಒಂದಿಷ್ಟು ನಮ್ಮ ಪಕ್ಕದ ಬ್ರೆಕೆನ್‌ರಿಜ್, ಹೋಟ್ಲು ಎಸ್ಟೆಸ್ ಪಾರ್ಕಿನ ಸ್ಟ್ಯಾನ್ಲಿ. ಕಿತ್ತಳೆ ಸೂಟು, ತಿಳಿನೀಲಿ ಸೂಟು ಹಾಕ್ಕೊಂಡು ಹ್ಯಾಲೋವೀನಲ್ಲಿ ಈಗ್ಲೂ ಜನ ತಿರುಗ್ತಾರೆ. ಇನ್ನೊಬ್ಬ ದಡ್ಡ ಜೆಫ್ ಡೇನಿಯಲ್ಸ್ ಕಕ್ಕಸಲ್ಲಿ ಕೂತು ಒದ್ದಾಡೋ ಸೀನಿದೆಯಲ್ಲ, ಅದನ್ನ ತೆಗೆದ ಪೀಟರ್ ಫ್ಯಾರೆಲಿನೇ ಆಮೇಲೆ ‘ಗ್ರೀನ್ ಬುಕ್’ ಮಾಡಿ ಆಸ್ಕರ್ ತಗೊಂಡ. ಆ ಸೀನನ್ನ ಮುಚ್ಚಿಡಬೇಕು ಅಂತ ಇಲ್ಲಿ ಯಾರಿಗೂ ಅನಿಸಿಲ್ಲ.

ಪಿಕ್ಚರಲ್ಲಿ ತೂತುಗಳು ಬೇಕಾದಷ್ಟಿವೆ. ರೌಡಿಗಳ ಕಥೆ ಬಂದಾಗೆಲ್ಲ ಬೋರು, ಹೀರೋಯಿನ್‌ಗೆ ಚೆಂದ ಕಾಣೋದು ಬಿಟ್ಟು ಕೆಲ್ಸವೇ ಇಲ್ಲ, ಕಣ್ಣು ಕಾಣದ ಹುಡುಗನಿಗೆ ಸತ್ತ ಗಿಣಿ ಮಾರಿದ್ದಕ್ಕೆ ನಗೋದಂತೂ ಪಾಪವೇ, ಆದ್ರೂ ನಗು ಬರತ್ತೆ, ಏನ್ ಮಾಡೋದು. ನಂಗೆ ಇಷ್ಟ ಆಗೋದು ಸೂಟ್‌ಕೇಸ್ ದುಡ್ಡೆಲ್ಲ ಉಡಾಯಿಸಿ ಅದರ ಬದ್ಲು ‘ಇಷ್ಟು ಬಾಕಿ’ ಅಂತ ಬರೆದ ಚೀಟಿ ತುಂಬಿಸಿರ್ತಾರಲ್ಲ, ಆ ಸೀನು. ಲ್ಯಾಂಬೋರ್ಗಿನಿದೂ ಚೀಟಿ ಇದೆ, ಶೆಟ್ರ ಅಂಗಡಿ ಬಾಕಿ ಬುಕ್ಕಿನ ಥರ, ಪ್ರತಿ ಪೈಸೆಗೂ ಲೆಕ್ಕ ಇದೆ ಅಂತ ಎದೆ ಉಬ್ಬಿಸಿ ಹೇಳ್ತಾರೆ, ಒಂದು ಚೂರೂ ಮೋಸ ಇಲ್ಲದ ಮುಖದಲ್ಲಿ.

ನಮ್ಮಲ್ಲೂ ಏನ್ ಕಮ್ಮಿ ಇತ್ತು ಹೇಳಿ. ಕಾಶಿನಾಥ್ ಗರಡಿಯಲ್ಲಿ ಪಳಗಿದ ಉಪೇಂದ್ರ ಮೊದಲು ಡೈರೆಕ್ಟ್ ಮಾಡಿದ್ದೇ 1992ರಲ್ಲಿ ಈ ತರ್ಲೆ. ಉಪ್ಪಿ ಆಮೇಲೆ ಎಲ್ಲಿಗೆ ಹೋದ್ರು ಗೊತ್ತಲ್ಲ, ಜಗ್ಗೇಶ್ 2022ರಲ್ಲಿ ರಾಜ್ಯಸಭೆಗೇ ಹೋದ್ರು. ಆ ಪಿಕ್ಚರ್ ಹೆಸ್ರು ಎತ್ತಿದ್ರೆ ಮಾತ್ರ ನಮ್ಮವ್ರು ಸುತ್ತ ನೋಡ್ತಾರೆ. ಕ್ಯಾಸೆಟ್ ತಂದು ಅಪ್ಪ ಅಮ್ಮ ಮದುವೆಗೆ ಹೋದ ದಿನ ನೋಡಿದವರೇ ಎಲ್ರೂ! ನನ್ನ ಹೆಂಡ್ತಿ ಬಾದಾಮಿ ಕಡೆಯವಳು, ಅವಳಿಗೆ ಇದೆಲ್ಲ ವಿಚಿತ್ರ. "ನಮ್ಮ ಬನಶಂಕರಿ ಜಾತ್ರ್ಯಾಗ ಕಂಪನಿ ನಾಟಕದವ್ರು ಇದರಪ್ಪನಂಥಾ ಮಾತು ಆಡ್ತಿದ್ರು, ನಮ್ಮವ್ವ ನಮ್ಮಜ್ಜಿ ಮುಂದ ಕುಂತು ನಗತಿದ್ರು" ಅಂತಾಳೆ. ಹಂಗಾದ್ರೆ ಈ ಮಡಿ ಊರಿಂದ ಬಂದಿದ್ದೂ ಅಲ್ಲ, ಬೆಂಗಳೂರು ಮೈಸೂರಿನ ನಮ್ಮಂಥವರು ವಿಮಾನ ಹತ್ತೋವಾಗ ಸೂಟ್‌ಕೇಸಲ್ಲಿ ತುಂಬ್ಕೊಂಡು ಬಂದಿದ್ದು ಅನ್ಸತ್ತೆ.

ಒಂದು ಮಾತು ಮಾತ್ರ ಒಪ್ಪಬೇಕು. ಇಂಗ್ಲಿಷ್ ಪಿಕ್ಚರಿನ ಪೋಲಿತನ ಜಾಸ್ತಿ ಹೊಟ್ಟೆ, ಕಕ್ಕಸು, ಮೂಗಿಗೆ ಸಂಬಂಧಪಟ್ಟಿದ್ದು, ನನ್ನ ಮಗಳ ಜೊತೆ ಕೂತು ನೋಡಿ ಇಬ್ರೂ ಬಿದ್ದು ಬಿದ್ದು ನಕ್ಕಿದ್ವಿ (ಟ್ರಕ್ ಡ್ರೈವರ್ ಟಾಯ್ಲೆಟ್ ಸೀನು ಫಾರ್ವರ್ಡ್ ಮಾಡ್ಬಿಟ್ಟೆ, ಅದು ನಗೋ ವಿಷ್ಯ ಅಲ್ಲ). ನಮ್ಮ ಆ ಕಾಲದ ಡಬಲ್ ಮೀನಿಂಗ್ ಕಾಮಿಡಿಗಳಲ್ಲಿ ಏಟು ಬೀಳೋದು ಬಹಳ ಸಲ ಹೆಂಗಸರ ಮೇಲೇನೇ, ಮಗಳು ಅದಕ್ಕೆ ಅರ್ಥ ಏನು ಅಂದ್ರೆ ನಾನು ಏನಂತ ಹೇಳ್ಲಿ? ಅಷ್ಟರಮಟ್ಟಿಗೆ ಆ ಹಿರಿಯರು ಹೇಳಿದ್ದು ಸರಿ ಇರಬಹುದು. ಆದ್ರೂ ಮಕ್ಕಳನ್ನ ಮಲಗಿಸಿ ರಾತ್ರಿ ಹತ್ತಕ್ಕೆ ದೊಡ್ಡವರಿಗೆ ಅಂತಲೇ ಒಂದು ಶೋ ಇಡಬಹುದಿತ್ತು, ಹಾಲ್ ಬಾಡಿಗೆ ನಾನೇ ಕೊಡ್ತೀನಿ ಅಂದೆ, ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.