ಸೂಟ್‌ಕೇಸಿನ ಮುಹೂರ್ತ

ವಿಮಾನ ಹೊರಡೋಕೆ ನಾಲ್ಕು ಗಂಟೆ ಮುಂಚೆ ಬನ್ನಿ ಅಂತ ಮೆಸೇಜ್ ಬಂದಿತ್ತು. ಹೇಳಿದ ಮಾತು ಕೇಳುವ ಜಾಯಮಾನ ನನ್ನದು. ನಾಲ್ಕೂಕಾಲು ಗಂಟೆ ಮುಂಚೆಯೇ ಹೋಗಿ ನಿಂತೆ. ಕೌಂಟರ್ ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಆದರೂ ಪಟ್ಟಿ ಕಟ್ಟಿದ ಆ ಹಾವಿನಂಥ ದಾರಿಯಲ್ಲಿ ಏಳು ಸಲ ಅತ್ತಿಂದಿತ್ತ ತಿರುಗಿಯೇ ಹೋದೆ. ನುಸುಳೋಣ ಅಂದರೆ ಒಬ್ಬರು ದೂರದಿಂದ ನನ್ನನ್ನೇ ನೋಡ್ತಾ ಇದ್ದರು.

"ಸರ್, ಕೌಂಟರ್ ಇನ್ನೂ ಓಪನ್ ಆಗಿಲ್ಲ. ಬ್ಯಾಗ್ ತಗೊಳ್ಳೋದು ಮೂರು ಗಂಟೆ ಮುಂಚೆ."

"ನಾಲ್ಕು ಗಂಟೆ ಮುಂಚೆ ಬನ್ನಿ ಅಂತ ನೀವೇ ಕಳಿಸಿದ್ರಲ್ಲ?"

"ಅದು ನಿಮಗೆ ಸರ್. ಬ್ಯಾಗಿಗಲ್ಲ."

ಸರಿ, ನಾನೂ ಸೂಟ್‌ಕೇಸೂ ಮುಖ ಮುಖ ನೋಡಿಕೊಂಡು ಕೂತೆವು. ಟಾಯ್ಲೆಟ್ಟಿಗೂ ಅದು ಜೊತೆಯಲ್ಲೇ ಬಂತು. ಬಿಟ್ಟು ಹೋದರೆ ವಾರಸುದಾರರಿಲ್ಲದ ಲಗೇಜ್ ಅಂತ ಮೈಕಿನಲ್ಲಿ ಕೂಗ್ತಾರಲ್ಲ!

ಹಾಗಂತ ತಡ ಮಾಡಿ ನೋಡಿ. ಸಾಮಾನ್ಯವಾಗಿ ವಿಮಾನಕ್ಕೆ 60 ನಿಮಿಷ ಇರುವಾಗ, ಕೆಲವು ಕಡೆ 45 ಇರುವಾಗ, ಬ್ಯಾಗ್ ತಗೊಳ್ಳೋದು ನಿಲ್ಲಿಸುತ್ತಾರೆ. 59 ನಿಮಿಷ ಉಳಿದಾಗ ಏದುಸಿರು ಬಿಡುತ್ತಾ ಓಡಿ ಬಂದವರಿಗೆ ಸಿಗುವ ಉತ್ತರ ಒಂದೇ: "ಸಿಸ್ಟಮ್ ಕ್ಲೋಸ್ ಆಗಿದೆ." ತಲೆ ಮೇಲಿನ ಬೋರ್ಡು ಅದೇ ವಿಮಾನ ಎರಡು ಗಂಟೆ ತಡ ಅಂತ ತೋರಿಸುತ್ತಿದ್ದರೂ ಅಷ್ಟೆ. ತಡ ಮಾಡುವ ಹಕ್ಕು ವಿಮಾನಕ್ಕೆ ಮಾತ್ರ.

ಬೇಗ ಬಂದ ಬ್ಯಾಗಿಗೆ ಕೆಲವು ದೊಡ್ಡ ನಿಲ್ದಾಣಗಳಲ್ಲಿ ಎಂಥ ಮರ್ಯಾದೆ ಗೊತ್ತಾ? ಅದಕ್ಕೇ ಅಂತ ಗೋದಾಮು, ಒಂದೊಂದಕ್ಕೂ ಒಂದೊಂದು ಖಾನೆ. ಹೊತ್ತಾದಾಗ ಯಂತ್ರವೇ ಬಂದು ಹುಷಾರಾಗಿ ಎತ್ತಿಕೊಂಡು ಹೋಗುತ್ತದೆ. ಬೇಗ ಬಂದ ಮನುಷ್ಯನಿಗೆ ಮಾತ್ರ ಕಬ್ಬಿಣದ ಕುರ್ಚಿ. ಕಾಲು ಚಾಚಿ ಮಲಗೋಣ ಅಂದರೆ ನಡುವೆ ಕುರ್ಚಿಯ ಕೈ ಸೊಂಟಕ್ಕೆ ಚುಚ್ಚುತ್ತದೆ.

ಇದಕ್ಕಿಂತ ಸೊಗಸಾದ ನಿಯಮ ಇನ್ನೊಂದಿದೆ. ಬ್ಯಾಗ್ ಕೊಟ್ಟು ನಾನು ವಿಮಾನ ಹತ್ತದಿದ್ದರೆ, ಅದರ ಹೊಟ್ಟೆಯೊಳಗೆ ಸೇರಿದ ಸೂಟ್‌ಕೇಸನ್ನು ಹುಡುಕಿ ಇಳಿಸುತ್ತಾರೆ. ಇದರಲ್ಲಿ ತಮಾಷೆ ಏನೂ ಇಲ್ಲ. 1985ರ ಏರ್ ಇಂಡಿಯಾ 182, 1988ರ ಪ್ಯಾನ್ ಆಮ್ 103, ಎರಡು ವಿಮಾನಗಳೂ ಆಕಾಶದಲ್ಲೇ ಸಿಡಿದವು. ಎರಡರಲ್ಲೂ ಬಾಂಬ್ ಇದ್ದದ್ದು ಯಜಮಾನ ಜೊತೆಗೆ ಹತ್ತದ ಸೂಟ್‌ಕೇಸಿನಲ್ಲಿ. ನಿಯಮ ಇರಲೇಬೇಕು, ಒಪ್ಪಿದೆ. ಆದರೆ ಬ್ಯಾಗ್ ಹತ್ತದೆ ನಾನು ಮಾತ್ರ ಹತ್ತಿದರೆ? ಯಾರಿಗೂ ಚಿಂತೆ ಇಲ್ಲ. ವಿಮಾನ ಹಾಯಾಗಿ ಹಾರುತ್ತದೆ.

ನನಗೆ ಆಗಿದ್ದೂ ಅದೇ. ಒಂದೂಕಾಲು ಗಂಟೆ ಕಾದು, ಕೌಂಟರ್ ತೆರೆದ ತಕ್ಷಣ, ಮೊಟ್ಟಮೊದಲು ಕೊಟ್ಟ ಬ್ಯಾಗು! ಇಳಿದ ಮೇಲೆ ಬೆಲ್ಟಿನ ಮುಂದೆ ನಿಂತೆ. ಎಲ್ಲರದ್ದೂ ಬಂತು, ಕೊನೆಯ ನಿಮಿಷದಲ್ಲಿ ಓಡಿ ಬಂದು ನನ್ನ ಪಕ್ಕ ಕೂತಿದ್ದವರದ್ದೂ ಬಂತು. ಆಮೇಲೆ ಯಾರದ್ದೋ ಒಂದು ನೀಲಿ ರಟ್ಟಿನ ಪೆಟ್ಟಿಗೆ ಮಾತ್ರ ಸುಮ್ನೆ ಸುತ್ತುತ್ತಿತ್ತು. ನಾಲ್ಕನೇ ಸುತ್ತಿಗೆ ಅದಕ್ಕೂ ನನಗೂ ಪರಿಚಯವಾಯಿತು.

ಮರುದಿನ ಫೋನ್ ಬಂತು. ನನ್ನ ಸೂಟ್‌ಕೇಸು 'ರಷ್', ಅಂದರೆ ತುರ್ತು, ಅನ್ನುವ ಟ್ಯಾಗ್ ಕಟ್ಟಿಸಿಕೊಂಡು ಒಂಟಿಯಾಗಿ ವಿಮಾನದಲ್ಲಿ ಬರುತ್ತಿದೆಯಂತೆ. ಏರ್‌ಲೈನಿನವರೇ ಮರೆತು ಬಿಟ್ಟ ಬ್ಯಾಗು ಯಜಮಾನನಿಲ್ಲದೆ ಹಾರಬಹುದು. ಬಂದು ತಗೊಂಡು ಹೋಗಿ ಅಂದರು.

"ಎಷ್ಟೊತ್ತಿಗೆ ಬರಲಿ?" ಅಂದೆ.

"ಸ್ವಲ್ಪ ಬೇಗಾನೇ ಬನ್ನಿ ಸರ್."