35 ಪೌಂಡಿನ ಕಿಲ್ಟು, ರಾಜರ ಮನೆಯ ಗೆರೆ

ನಿನ್ನೆ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಹತ್ತಿರ ಆಫೀಸಿನ ಗೆಳೆಯನ ಮದುವೆ. ಆನ್‌ಲೈನ್‌ನಲ್ಲಿ 35 ಪೌಂಡಿಗೆ ತರಿಸಿದ ಕಿಲ್ಟ್, ಅಂದರೆ ಇಲ್ಲಿನ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಉಡುಪು, ಉಟ್ಟುಕೊಂಡು ಹೋಗಿದ್ದೆ. ಹೌದು, ಇಳಕಲ್ಲಿನ ನಾನೇ, ಮೊಣಕಾಲು ಬಿಟ್ಟುಕೊಂಡು. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನನಗೆ ಸಿಟ್ಟು ಮಾಡೋದಿದೆ.

ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಮೇಲಿಂದ ಕೆಳಗೆ ನೋಡಿ, ‘ಯಾವ ಕ್ಲಾನ್?’ ಎಂದರು. ಕ್ಲಾನ್ ಅಂದರೆ ಮನೆತನ. ‘ರಾಯಲ್ ಸ್ಟೂವರ್ಟ್ ಅಂತ ಬರೆದಿತ್ತು’ ಅಂದೆ. ‘ಅದು ರಾಜರದ್ದು. ಈ ಅಗ್ಗದ ಅಂಗಡಿಗಳಿಗೆ ಅಸಲಿ ಟಾರ್ಟನ್ ಅಂದರೇನು ಅಂತಲೇ ಗೊತ್ತಿಲ್ಲ’ ಎಂದು ಮುಸಿನಕ್ಕರು. ಟಾರ್ಟನ್ ಅಂದರೆ ಕಿಲ್ಟಿನ ಬಟ್ಟೆಯ ಬಣ್ಣದ ಗೆರೆಗಳ ಚೌಕಳಿ, ಮನೆತನಕ್ಕೊಂದು ಅಂತಾರೆ. ಬಿಸ್ಕತ್ತಿನ ಡಬ್ಬಿ ಮೇಲೂ ಇರೋ ಗೆರೆ ಸ್ವಾಮಿ ಅದು!

ಅಸಲಿಯಂತೆ. ಮದುವೆ ಮನೆಯಿಂದ ಬ್ಯಾನಕ್‌ಬರ್ನ್ ಹೆಚ್ಚು ದೂರವೇನಿಲ್ಲ. ಅಲ್ಲಿನ ವಿಲ್ಸನ್ ಎಂಬ ನೇಯ್ಗೆ ಕಂಪನಿಯವರು 1819ರಲ್ಲೇ ತಮ್ಮ ವಿನ್ಯಾಸಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಎಷ್ಟೋ ವಿನ್ಯಾಸಗಳಿಗೆ ಬರೀ ನಂಬರ್. ಕ್ಲಾನ್ ಹೆಸರು ಆಮೇಲೆ ಅಂಟಿಕೊಂಡಿತು. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಊರಿಗೇ ಟಾರ್ಟನ್ ಉಡಿಸಿದ. ಆಗ ಎಲ್ಲರಿಗೂ ‘ನಮ್ಮ ಮನೆತನದ್ದು’ ಬೇಕಾಯಿತು. 1842ರಲ್ಲಂತೂ ಇಬ್ಬರು ಅಣ್ಣತಮ್ಮಂದಿರು ಹಳೇ ಹಸ್ತಪ್ರತಿ ಸಿಕ್ಕಿದೆ ಅಂತ ಪುಸ್ತಕವನ್ನೇ ಹಾಕಿಬಿಟ್ಟರು. ಪೂರಾ ಬೋಗಸ್. ಅದರೊಳಗಿನ ಟಾರ್ಟನ್‌ಗಳನ್ನು ಇವತ್ತಿಗೂ ಹೆಮ್ಮೆಯಿಂದ ಉಡುತ್ತಾರೆ. 35 ಪೌಂಡ್ ಕೊಟ್ಟ ನಾನು ಮಾತ್ರ ನಕಲಿ.

‘ಇಲ್ಲಿನ ಬೆಟ್ಟಸೀಮೆಯವರು 1746ರಲ್ಲಿ ಬ್ರಿಟಿಷ್ ಸರ್ಕಾರದ ಸೇನೆಯೆದುರು ಕಲೊಡನ್ ಯುದ್ಧ ಸೋತ ಮೇಲೆ ಅವರ ಉಡುಪನ್ನೇ ಕಾನೂನು ಮಾಡಿ ನಿಷೇಧಿಸಿದ್ದರಲ್ಲ, 1782ರವರೆಗೂ ಇತ್ತು, ಪಾಪ’ ಅಂತ ಹೆಂಡತಿ ರಾತ್ರಿ ಹೇಳಿದಳು. ಒಪ್ಪಿದೆ. ಆದರೆ ಆ ನೋವು ಉಂಡವರ ಹತ್ತಿರ ಯಾವ ಗೆರೆ ಯಾರದ್ದು ಅನ್ನೋ ಪಟ್ಟಿ ಇರಲಿಲ್ಲ, ಅಲ್ವಾ? ಪಟ್ಟಿ ಬಂದದ್ದು ಅಂಗಡಿಯಿಂದ.

ಬೈಯಲೇಬೇಕಿದ್ದರೆ ನನ್ನ ಕಿಲ್ಟಿನ ಹಿಂಭಾಗ ನೋಡಿ ಬೈಯಬೇಕಿತ್ತು. ಒಳ್ಳೆಯ ಕಿಲ್ಟಿಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಹಿಡಿಯುತ್ತದೆ. ಅಷ್ಟೂ ನೆರಿಗೆಯೊಳಗೆ ಅಡಗಿದರೂ ಹಿಂದಿನಿಂದ ಚೌಕಳಿ ಎಲ್ಲೂ ಮುರಿಯದ ಹಾಗೆ ಹೊಲಿಯುತ್ತಾರೆ. ನನ್ನದು ಅಕ್ರಿಲಿಕ್. ಹಳದಿ ಗೆರೆ ಒಂದು ನೆರಿಗೆಯಲ್ಲಿ ಕಾಣಿಸಿ ಪಕ್ಕದ್ದರಲ್ಲಿ ನಾಪತ್ತೆ. ಎರಡು ಕುಣಿತ ಆಗುವಷ್ಟರಲ್ಲಿ ನೆರಿಗೆಯೆಲ್ಲ ಬಿಚ್ಚಿಕೊಂಡು ಲಂಗ ಆಗಿತ್ತು. ಆ ಹಿರಿಯರು ಎದ್ದು ಹೋಗುವಾಗ ಹಿಂದಿನಿಂದ ನೋಡಿದೆ. ಒಂದು ಗೆರೆಯೂ ತಪ್ಪಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಊರಿನ ಮದುವೆಯಲ್ಲಿ ಚಿಕ್ಕಮ್ಮನ ಇಳಕಲ್ ಸೀರೆ ತಿರುವಿ, ಮೈಯೂ ಸೆರಗೂ ಸೇರುವಲ್ಲಿ ಕೊಂಡಿ ಹುಡುಕಿ, ‘ಇದು ಪವರ್‌ಲೂಮಿಂದು, ಒರಿಜಿನಲ್ ಅಲ್ಲ’ ಅಂತ ನಾಲ್ಕು ಜನರೆದುರು ಅಂದವನು ನಾನೇ. ಅವ್ವ ಅಲ್ಲೇ ಕಣ್ಣು ಬಿಟ್ಟಿದ್ದಳು. ಆದರೂ ಕೊಂಡಿಯ ಮಾತೇ ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸೋ ಕೈಕೆಲಸ ಅದು, ಯಾರ ವಂಶಾವಳಿಯೂ ಅಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ಇದನ್ನೇ ಹೇಳೋಣ ಅಂದುಕೊಂಡೆ, ಧೈರ್ಯ ಬರಲಿಲ್ಲ.

ಈಗ ಒಂದು ಸೆಕೆಂಡ್ ಹ್ಯಾಂಡ್ ಉಣ್ಣೆ ಕಿಲ್ಟ್ ನೋಡಿಟ್ಟಿದ್ದೇನೆ. ಹಿಂದಿನ ಫೋಟೊ ದೊಡ್ಡದು ಮಾಡಿ ನೆರಿಗೆ ನೆರಿಗೆ ನೋಡಿದೆ, ಗೆರೆ ಸರಿಯಾಗಿ ಕೂತಿದೆ. ಯಾವ ಕ್ಲಾನಿನದೋ ಓದಿಲ್ಲ. ಸೊಂಟ ಮಾತ್ರ ಎರಡು ಇಂಚು ಸಾಲುತ್ತಿಲ್ಲ.